ಗಂಗಮ್ಮನ ಕಿರುಬೆರಳು

ಹಡಗಿನ ಏಣಿಯನ್ನು ಒಳಗೆಳೆದುಕೊಂಡ ಸದ್ದು ಕೇಳಿದಾಗ ಮೌನಿಕಾ ಹೆಗಲ ಮೇಲಿನ ಚೀಲವನ್ನು ಇನ್ನೂ ಇಳಿಸಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹಡಗಿನಲ್ಲಿ ಗಂಗಮ್ಮನ ಪ್ರತಿಷ್ಠೆ ಮುಗಿಯುತ್ತದೆ, ಹತ್ತಕ್ಕೆ ಇಳಿದುಬಿಟ್ಟರೆ ಮಂಗಳೂರಿನಿಂದ ಬೆಂಗಳೂರಿನ ಬಸ್ಸು ಸಿಗುತ್ತದೆ, ಅಲ್ಲಿಂದ ಮಾಲೂರು ದೂರವೇನಲ್ಲ ಎಂದುಕೊಂಡು ಬಂದವಳು ಅವಳು. ಪ್ರತಿಷ್ಠೆ ಮಾಡಿಸಿದ ಪುರೋಹಿತರು ಇಳಿದು ಹೋದರು. ಅವಳಪ್ಪ ಸುಬ್ಬರಾಯಪ್ಪ ಮಾತ್ರ ಕಂಬಿ ಹಿಡಿದು ನಿಂತವರು ಕದಲಲಿಲ್ಲ.

"ಮೂರೇ ದಿನ ಕಣಮ್ಮ," ಎಂದರು. "ಶಿವಶಂಕರ್ ಸಾರು ಅಷ್ಟೊಂದು ಹೇಳ್ತಾವ್ರೆ. ಕಾರವಾರದಲ್ಲಿ ಇಳಿಸಿ ರೈಲು ಹತ್ತಿಸ್ತಾರಂತೆ. ಅರವತ್ತಾರು ವರ್ಷ ಆಯ್ತು, ನಾನು ಸಮುದ್ರ ನೋಡ್ದೋನಲ್ಲ."

"ಮನೇಲಿ ಕೆಲಸ ಬಿದ್ದಿದೆ ಅಪ್ಪ."

"ಇರ್ಲಿ ಬಿಡು. ಕಲ್ಲು ಎಲ್ಲಿಗೂ ಎದ್ದೋಗಲ್ಲ."

ದಡಕ್ಕೂ ಹಡಗಿಗೂ ನಡುವೆ ಮೊದಲು ಒಂದು ಗೇಣು ನೀರು ಕಾಣಿಸಿತು, ಆಮೇಲೆ ಒಂದು ಮಾರು. ಮೌನಿಕಾ ನೋಡುತ್ತಿದ್ದ ಹಾಗೆಯೇ ಅದು ಯಾರೂ ದಾಟಲಾಗದಷ್ಟು ಅಗಲವಾಯಿತು.

ಶಿವಶಂಕರ್ ಶ್ರೀನಿವಾಸಪುರದ ಮಾವಿನ ಮಂಡಿಯವರ ಮಗ. ಇಪ್ಪತ್ತು ವರ್ಷದ ಹಿಂದೆ ಮಂಗಳೂರಿಗೆ ಬಂದು ಮೀನು ರಫ್ತಿನ ವ್ಯಾಪಾರದಲ್ಲಿ ಕುದುರಿಕೊಂಡು, ಈಗ ಪ್ರವಾಸಿಗರಿಗೆ ಕರಾವಳಿ ತೋರಿಸಲು ಈ ಪುಟ್ಟ ಹಡಗನ್ನು ತಂದಿದ್ದ. ಹದಿನೆಂಟು ಕೋಣೆ, ಒಂದು ಊಟದ ಹಾಲು, ಮೇಲೆ ಸೂರಿಲ್ಲದ ಒಂದು ಅಟ್ಟ. ಇದು ಅದರ ಮೊದಲ ಯಾನ. ಟ್ರಾವೆಲ್ ಏಜೆಂಟರು, ಮೊಬೈಲಿನಲ್ಲಿ ವಿಡಿಯೋ ಮಾಡಿ ಹಾಕುವವರು, ಒಂದಷ್ಟು ನೆಂಟರು, ಎಲ್ಲ ಸೇರಿ ಮೂವತ್ತು ಜನ ಹತ್ತಿದ್ದರು. ಶಿವಶಂಕರನ ತಾಯಿ ಅಕ್ಕಯಮ್ಮ, ಎಪ್ಪತ್ತೆಂಟರ ಮುದುಕಿ, ಗಂಗಮ್ಮ ಇಲ್ಲದ ಹಡಗಿಗೆ ಮಗ ಕಾಲಿಡಕೂಡದೆಂದು ಹಟ ಹಿಡಿದಿದ್ದರು. ಆ ಗಂಗಮ್ಮನೂ ತಮ್ಮ ಸೀಮೆಯವಳೇ ಆಗಬೇಕು. ಹಾಗಾಗಿ ತಾವೇ ಮಾಲೂರಿನ ಹತ್ತಿರದ ಶಿವಾರಪಟ್ಟಣಕ್ಕೆ ಬಂದು ಶಿಲ್ಪಿ ಸುಬ್ಬರಾಯಪ್ಪನವರಿಗೆ ವೀಳ್ಯ ಕೊಟ್ಟು ಹೋಗಿದ್ದರು.

ಎರಡಡಿಯ ಕೃಷ್ಣಶಿಲೆಯ ಗಂಗಮ್ಮ. ಎಡಗೈಯಲ್ಲಿ ಕಲಶ, ಬಲಗೈ ಅಭಯ. ಸುಬ್ಬರಾಯಪ್ಪನವರ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಹನ್ನೆರಡು ವರ್ಷದಿಂದ ಅಪ್ಪನ ಜೊತೆ ಕಲ್ಲಿಗೆ ಕೂರುತ್ತಿದ್ದ ಮೌನಿಕಾಗೆ ಅಲ್ಲಿಯವರೆಗೆ ಪೀಠ, ಪದ್ಮದ ಎಸಳು, ಒಡವೆ, ಪಾಲಿಶ್ ಇಷ್ಟೇ ಸಿಕ್ಕಿದ್ದು. ಮುಖ ಮತ್ತು ಕೈ ಯಾವಾಗಲೂ ಅಪ್ಪನದು. ಈ ಸಲ ಅವರು ಉಳಿಯನ್ನು ಅವಳ ಮುಂದಿಟ್ಟು, "ಇವಳು ನಿನ್ನೋಳು," ಎಂದಿದ್ದರು. ಅಷ್ಟೇ ಅಲ್ಲ, ಪಕ್ಕದ ಕೆತ್ತನೆ ಕೊಟ್ಟಿಗೆಗಳ ಶಿಲ್ಪಿಗಳಿಗೂ ಹೇಳಿಕೊಂಡು ಬಂದಿದ್ದರು.

ಹಡಗು ಹೊರಡಲು ಹತ್ತು ದಿನವಿರುವಾಗ, ಅಪ್ಪ ಕಣ್ಣು ತೋರಿಸಲು ಮಾಲೂರಿಗೆ ಹೋಗಿದ್ದ ಮಧ್ಯಾಹ್ನ, ಅಭಯಹಸ್ತದ ಕಿರುಬೆರಳು ನಡುಗೆಣ್ಣಿನಲ್ಲಿ ಮುರಿಯಿತು. ಒಣಕಡ್ಡಿ ಮುರಿದಷ್ಟೇ ಸದ್ದು. ಮೌನಿಕಾ ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಭಿನ್ನವಾದ ವಿಗ್ರಹ ಪೂಜೆಗೆ ಬಾರದು, ಹೊಸ ಕಲ್ಲು ಕಡೆಯಲು ಎರಡು ತಿಂಗಳಾದರೂ ಬೇಕು. ಆಮಂತ್ರಣ ಅಚ್ಚಾಗಿತ್ತು. ಕೊನೆಗೆ ಅಂಟಿಗೆ ಅದೇ ಕಲ್ಲಿನ ಪುಡಿ ಕಲಸಿ ಬೆರಳನ್ನು ಕೂರಿಸಿ, ಒಣಗಿದ ಮೇಲೆ ನುಣ್ಣಗೆ ಉಜ್ಜಿದಳು. ಸಂಜೆ ಅಪ್ಪ ಬಂದು, ಎಂದಿನಂತೆ ಹೆಬ್ಬೆರಳಿನ ಉಗುರನ್ನು ನೆತ್ತಿಯಿಂದ ಪಾದದವರೆಗೆ ಓಡಿಸಿ, ಎಲ್ಲಾದರೂ ಬಿರುಕು ಸಿಗುತ್ತದೇನೋ ಎಂದು ನೋಡಿ, "ಚೆನ್ನಾಗಿ ಮಾಡಿದ್ದೀಯ," ಎಂದರು. ಹನ್ನೆರಡು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಹೊಗಳಿಕೆ. ಅದರ ಮೇಲೆ ಇನ್ನೊಂದು ಮಾತಾಡಲು ಅವಳಿಗೆ ನಾಲಿಗೆ ಏಳಲಿಲ್ಲ.

ಒಪ್ಪಿಸಿ ಊರಿಗೆ ಹೋಗಿಬಿಟ್ಟರೆ ಮರೆತುಹೋಗುತ್ತದೆ ಎಂದುಕೊಂಡಿದ್ದಳು. ಈಗ ಅದೇ ಗಂಗಮ್ಮನ ಎದುರು ಮೂರು ದಿನ ಇರಬೇಕಾಯಿತು. ಊಟದ ಹಾಲಿನ ಮೂಲೆಯಲ್ಲೇ ಗಾಜಿನ ಗೂಡು ಕಟ್ಟಿ ದೇವಿಯನ್ನು ಕೂರಿಸಿದ್ದರು. ತಿಂಡಿಗೆ, ಊಟಕ್ಕೆ, ಅಟ್ಟಕ್ಕೆ, ಎಲ್ಲಿಗೆ ಹೋಗಬೇಕಾದರೂ ಅವಳ ಮುಂದೆಯೇ ಹಾಯಬೇಕು. ತಂದೆ ಮಗಳಿಗೆ ಕೊಟ್ಟ ಕೋಣೆಯಲ್ಲಿ ಎರಡು ಮಂಚ, ತೆರೆಯಲು ಬಾರದ ಒಂದು ದುಂಡು ಕಿಟಕಿ. ಕಿಟಕಿಯಾಚೆ ನೀರು ಏರುತ್ತಿತ್ತು, ಇಳಿಯುತ್ತಿತ್ತು. ನೆಲದಡಿಯಿಂದ ಎಂಜಿನ್ನಿನ ಗುರುಗುರು ಹಲ್ಲಿನವರೆಗೂ ಬರುತ್ತಿತ್ತು. ಮೇಲೆ ಹೋಗಿ ಅಟ್ಟದ ಸುತ್ತ ನಡೆದರೆ ಎಪ್ಪತ್ತು ಹೆಜ್ಜೆಗೆ ಮತ್ತೆ ಅದೇ ಬಾಗಿಲು. ಎಲ್ಲರೂ ಪೂರ್ವಕ್ಕೆ ನಿಂತು ತೆಂಗಿನ ಸಾಲು, ಕಾಪುವಿನ ದೀಪಸ್ತಂಭ, ಬಂಡೆಗೆ ಬಡಿದು ಏಳುವ ನೊರೆ ತೋರಿಸಿಕೊಂಡು ಫೋಟೋ ತೆಗೆಯುತ್ತಿದ್ದರು. ಸುಬ್ಬರಾಯಪ್ಪನವರಿಗೆ ಅದೆಲ್ಲ ಹೊಗೆಯಂತೆ ಕಂಡರೂ ಗಾಳಿಗೆ ಮುಖವೊಡ್ಡಿ ನಗುತ್ತಾ ನಿಂತಿದ್ದರು. ಮೌನಿಕಾಗೆ ದಡ ಅಷ್ಟು ಹತ್ತಿರ ಕಾಣುವುದೇ ಹಿಂಸೆಯಾಗಿತ್ತು.

ಆ ಸಂಜೆ ಅಕ್ಕಯಮ್ಮ ದೇವಿಗೆ ಬಿಸಿನೀರು ಹುಯ್ದು, ಎಳ್ಳೆಣ್ಣೆ ಸವರಿದರು. ಎಣ್ಣೆ ಕುಡಿದ ಕಲ್ಲು ಕಾಡಿಗೆಯಷ್ಟು ಕಪ್ಪಾಯಿತು. ಕಿರುಬೆರಳ ನಡುಗೆಣ್ಣಿನಲ್ಲಿ ಮಾತ್ರ ಕೂದಲೆಳೆಯಂಥ ಒಂದು ಬಿಳಿ ಗೆರೆ ಹಾಗೇ ಉಳಿಯಿತು. ಅಂಟು ಎಣ್ಣೆ ಕುಡಿಯುವುದಿಲ್ಲ.

ಮೌನಿಕಾ ಹೂವಿನ ತಟ್ಟೆ ಎತ್ತಿಕೊಂಡಳು. "ಹೂವು ನಾನು ಮುಡಿಸ್ತೀನಿ ಅವ್ವಾ," ಎಂದು ಮುಂದೆ ಹೋಗಿ, ಕನಕಾಂಬರದ ಮೊಳವನ್ನು ಅಭಯಹಸ್ತದ ಸುತ್ತ ಬೆರಳು ಮುಚ್ಚುವಂತೆ ಸುತ್ತಿದಳು.

"ಮಾಡಿದ ಕೈನೇ ಮುಡಿಸ್ಬೇಕಮ್ಮಾಯಿ," ಎಂದರು ಅಕ್ಕಯಮ್ಮ. ಕಣ್ಣು ತೇವವಾಗಿತ್ತು. "ಇಳಿಯೋವರೆಗೂ ಅದು ನಿಂದೇ ಕೆಲ್ಸ."

ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಹೂವು ಬದಲಿಸಲು ಹೋದಳು. ಅಕ್ಕಯಮ್ಮ ಆಗಲೇ ಗೂಡಿನ ಮುಂದೆ ಕಾಲು ಚಾಚಿ ಕೂತಿದ್ದರು. ದೇವರ ಮುಂದೆ ಕೂತ ಹಾಗಲ್ಲ, ಜಗಲಿಯ ಮೇಲೆ ನೆರೆಮನೆಯವಳ ಜೊತೆ ಕೂತ ಹಾಗೆ. ತಮ್ಮಷ್ಟಕ್ಕೆ ಮಾತಾಡುತ್ತಿದ್ದರು. ಮೌನಿಕಾ ಕಂಬದ ಹಿಂದೆಯೇ ನಿಂತಳು.

"ನಲವತ್ತೆರಡು ವರ್ಷ ನಿನ್ನತ್ರ ಬಾಯಿ ಬಿಡಲಿಲ್ಲ ತಲ್ಲಿ, ನನ್ನ ತಾಯಿ," ಎನ್ನುತ್ತಿದ್ದರು. "ಹನ್ನೊಂದು ವರ್ಷದ ಮಗೂನ ಕೆರೇಲಿ ಎಳ್ಕೊಂಡೆ. ಬಟ್ಟೆ ಒಗೆಯೋಕೆ ಹೋಗಿದ್ಲು ಅಷ್ಟೇ. ಊರೆಲ್ಲ ನಿಂಗೆ ತಂಬಿಟ್ಟು ತಂದ್ರು, ನಾನು ತರಲಿಲ್ಲ. ಈಗ ಇವನು ನೀರಿನ ಮೇಲೇ ಬದುಕ್ತೀನಿ ಅಂತಾನೆ. ನಾನೇನು ಮಾಡ್ಲಿ. ಬಂದೆ. ಸೋತು ಬಂದೆ. ಕೈ ಎತ್ತಿದ್ದೀಯಲ್ಲ, ಅದನ್ನ ಇಳಿಸ್ಬೇಡ."

ಮೌನಿಕಾ ಹೂವು ಹಿಡಿದುಕೊಂಡೇ ಕೋಣೆಗೆ ಹಿಂತಿರುಗಿದಳು. ಬಾಗಿಲು ಹಾಕಿಕೊಂಡರೆ ಉಸಿರು ಕಟ್ಟುತ್ತಿತ್ತು, ತೆಗೆದರೆ ಯಾರಾದರೂ ಬಂದು "ನೀವೇ ಅಲ್ವಾ ಆ ಶಿಲ್ಪಿ?" ಎನ್ನುತ್ತಿದ್ದರು.

ಮಧ್ಯಾಹ್ನ ನೇತ್ರಾಣಿ ದ್ವೀಪ ಹತ್ತಿರ ಬಂದಾಗ ಜನವೆಲ್ಲ ಒಂದೇ ಪಕ್ಕಕ್ಕೆ ನೆರೆದರು. ಮೌನಿಕಾ ಅಪ್ಪನನ್ನು ಇನ್ನೊಂದು ಪಕ್ಕಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಬರೀ ನೀರಿತ್ತು. ನೀರನ್ನೇ ನೋಡುತ್ತಾ ಎಲ್ಲವನ್ನೂ ಹೇಳಿದಳು.

"ಯಾವ ಬೆರಳು?" ಎಂದರು ಸುಬ್ಬರಾಯಪ್ಪ.

"ಕಿರುಬೆರಳು. ನಡುಗೆಣ್ಣು."

"ನಾನು ಉಗುರು ಆಡಿಸಿದ್ನಲ್ಲ."

"ಆಡಿಸ್ದೆ ಅಪ್ಪ. ನಿಂಗೆ ಸಿಗ್ಲಿಲ್ಲ."

ಅವರು ತಮ್ಮ ಹೆಬ್ಬೆರಳನ್ನು ಕಣ್ಣಿನ ತೀರ ಹತ್ತಿರಕ್ಕೆ ಹಿಡಿದು ನೋಡಿಕೊಂಡರು. ಮಗಳ ಮೇಲೆ ಸಿಟ್ಟಾಗಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಹತ್ತು ವರ್ಷದ ಹಿಂದೆ, ಮುಗಿಯಲು ಬಂದಿದ್ದ ವೇಣುಗೋಪಾಲನ ಮೊಣಕಾಲಿನಲ್ಲಿ ಸಣ್ಣ ಬಿರುಕು ಕಂಡಿತೆಂದು ಸುತ್ತಿಗೆಯಿಂದ ತಾವೇ ಒಡೆದು ಹಾಕಿದ ಮನುಷ್ಯ ಅವರು. ಆವತ್ತು ಮನೆಯಲ್ಲಿ ಯಾರೂ ಊಟ ಮಾಡಿರಲಿಲ್ಲ.

"ಯಾರಿಗೂ ಹೇಳ್ಬೇಡ," ಎಂದರು ಅವರು ಈಗ.

ಮೌನಿಕಾ ತಾನು ಕೇಳಿದ್ದು ಸರಿಯೇ ಎಂದು ಅವರ ಮುಖ ನೋಡಿದಳು.

"ನೆಲದ ಮೇಲಾಗಿದ್ರೆ ನಾನೇ ಹೇಳ್ತಿದ್ದೆ. ಹೇಳಿ, ತಲೆ ಬಗ್ಗಿಸಿ ಮನೆಗೆ ಹೋಗ್ತಿದ್ದೆ. ಇಲ್ಲಿ ಹೇಳಿ ಎಲ್ಲಿಗೆ ಹೋಗ್ಲಿ? ನಾಳೆ ಸಂಜೆವರ್ಗೂ ಇವರ ಮುಖ ನೋಡ್ಬೇಕು, ಇವರ ತಟ್ಟೇಲಿ ಉಣ್ಬೇಕು. ನಂಗಾಗಲ್ಲ ಕಣಮ್ಮ. ಊರಿಗೆ ಹೋಗಿ ಇನ್ನೊಂದು ಮಾಡೋಣ. ಏನೋ ಒಂದು ನೆಪ ಹೇಳಿ ಬದಲಾಯಿಸೋಣ."

"ಅಲ್ಲೀವರ್ಗೂ ಆ ಅವ್ವ?"

ಸುಬ್ಬರಾಯಪ್ಪ ನೀರಿನ ಕಡೆ ತಿರುಗಿದರು. ಕಂಬಿಯನ್ನು ಎರಡೂ ಕೈಯಿಂದ ಹಿಡಿದಿದ್ದರು.

ಊಟವಾದ ಮೇಲೆ ಶಿವಶಂಕರ್ ಎಲ್ಲರನ್ನೂ ಹಾಲಿನಲ್ಲಿ ಕೂರಿಸಿ ಮೈಕು ಹಿಡಿದ. ತಂದೆ ಮಗಳನ್ನು ದೇವಿಯ ಗೂಡಿನ ಪಕ್ಕ ನಿಲ್ಲಿಸಿದ. ಸುಬ್ಬರಾಯಪ್ಪನವರಿಗೆ ಶಾಲು ಹೊದಿಸಿದ. ಮುಂದಿನ ವರ್ಷ ಇನ್ನೆರಡು ಹಡಗು ಬರುತ್ತಿವೆ, ಅವಕ್ಕೂ ಗಂಗಮ್ಮ ಇವರ ಕೈಯಿಂದಲೇ ಎಂದು ಘೋಷಿಸಿದ. ಚಪ್ಪಾಳೆ ಬಿತ್ತು. ಸುಬ್ಬರಾಯಪ್ಪ ತಲೆ ತಗ್ಗಿಸಿಯೇ ನಿಂತಿದ್ದರು. ಜನ ಅದನ್ನು ವಿನಯವೆಂದುಕೊಂಡರು. ವಿಡಿಯೋ ಮಾಡುತ್ತಿದ್ದ ಒಬ್ಬ ಹುಡುಗಿ ಮುಂದೆ ಬಂದು, "ಮೇಡಂ, ಆ ಹೂವು ಸ್ವಲ್ಪ ಸರಿಸ್ತೀರಾ? ಕೈ ಕ್ಲೋಸಪ್ಪಲ್ಲಿ ಬೇಕು," ಎಂದಳು.

ಮೂವತ್ತು ಜನ ನೋಡುತ್ತಿದ್ದರು. ಬಾಗಿಲಿಗೆ ಹೋಗಬೇಕಾದರೆ ಅವರೆಲ್ಲರ ಮೊಣಕಾಲು ದಾಟಬೇಕು. ಮೌನಿಕಾ ಹೂವಿನವರೆಗೆ ಕೈ ಒಯ್ದು, ತಡೆದು, "ಮುಡಿಸಿದ್ದನ್ನ ಮಧ್ಯದಲ್ಲಿ ತೆಗೀಬಾರದು," ಎಂದಳು. ಅಕ್ಕಯಮ್ಮ ಹಿಂದಿನ ಕುರ್ಚಿಯಿಂದ, "ಹೌದು, ತೆಗೀಬಾರದು," ಎಂದು ಅವಳ ಸುಳ್ಳಿಗೆ ದನಿಗೂಡಿಸಿದರು.

ಅದನ್ನು ಮಾತ್ರ ಮೌನಿಕಾಗೆ ತಾಳಿಕೊಳ್ಳಲು ಆಗಲಿಲ್ಲ. ಜನ ಚಹಾಕ್ಕೆಂದು ಮೇಲೆ ಹೋದ ಮೇಲೆ ಅಕ್ಕಯಮ್ಮನ ಕೋಣೆಯ ಬಾಗಿಲು ತಟ್ಟಿದಳು. ಮುದುಕಿ ಮಂಚದ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ಅವ್ವಾ, ದೇವಿ ಕಿರುಬೆರಳು ಮುರಿದಿದೆ. ಮುರಿದಿದ್ದು ನನ್ನ ಕೈಲಿ. ಅಂಟು ಹಾಕಿ ಕೊಟ್ಟೆ. ಅಪ್ಪಂಗೂ ಇವತ್ತು ಮಧ್ಯಾಹ್ನದವರೆಗೆ ಗೊತ್ತಿರಲಿಲ್ಲ."

ಅಕ್ಕಯಮ್ಮ ಸುಣ್ಣ ಹಚ್ಚಿದ ಎಲೆಯನ್ನು ಕೈಯಲ್ಲೇ ಹಿಡಿದು ಕೂತರು. ಹೊರಗೆ ಅಲೆ ಕಿಟಕಿಗೆ ಬಂದು ಬಡಿಯಿತು, ಜಾರಿತು.

"ಪ್ರತಿಷ್ಠೆಗೆ ಮುಂಚೆ ಯಾಕೆ ಹೇಳಲಿಲ್ಲ?"

"ಹೆದರಿಕೆ ಆಯ್ತು."

"ಈಗ ಹೆದರಿಕೆ ಹೋಯ್ತಾ?"

"ಇಲ್ಲ."

"ನಾನು ಅವಳ ಮುಂದೆ ಎಲ್ಲಾ ಹೇಳ್ಕೊಂಡ್ಬಿಟ್ನಲ್ಲೇ," ಎಂದರು ಅಕ್ಕಯಮ್ಮ. ದನಿ ಏರಲಿಲ್ಲ. "ಗಂಡನ ಹತ್ರ ಆಡದಿದ್ದ ಮಾತೂ ಆಡ್ದೆ. ಭಿನ್ನ ಆದ ಕಲ್ಲಿನ ಮುಂದೆ ಆಡ್ದೆ. ಈಗ ಅದನ್ನ ಯಾರು ಕೇಳಿಸ್ಕೊಂಡ್ರು, ಹೇಳು ನಂಗೆ. ಯಾರು ಕೇಳಿಸ್ಕೊಂಡ್ರು?"

ಮೌನಿಕಾ ಬೆಳಿಗ್ಗೆ ತಾನು ಕೇಳಿಸಿಕೊಂಡದ್ದನ್ನು ಹೇಳಲಿಲ್ಲ. ಹೇಳಬಾರದ್ದು ಅದೊಂದಿದೆ ಎನಿಸಿತು. ಸುಮ್ಮನೆ ನೆಲದ ಮೇಲೆ ಕೂತಳು. ಅಕ್ಕಯಮ್ಮ ಎಲೆಯನ್ನು ತಟ್ಟೆಗೆ ಎಸೆದು, "ಮಗನ್ನ ಕರಿ," ಎಂದರು.

ಶಿವಶಂಕರ್ ಕೇಳಿ ಮೊದಲು ಬಾಗಿಲು ಭದ್ರ ಮಾಡಿದ. "ಅಮ್ಮಾ, ಕೂದಲೆಳೆಯಷ್ಟು ಗೆರೆ. ಯಾರಿಗೆ ಕಾಣುತ್ತೆ? ಕಾರವಾರದಲ್ಲಿ ಜನ ಇಳಿದ ಮೇಲೆ ಸದ್ದಿಲ್ದೆ ತೆಗೆಸ್ತೀನಿ. ಈಗ ತೆಗೆದ್ರೆ ಇವರು ವಿಡಿಯೋ ಹಾಕ್ತಾರೆ, ಮೊದಲನೇ ಯಾನದಲ್ಲೇ ಅಪಶಕುನ ಅಂತ."

"ನಿನ್ನ ಜನ ಏನಾದ್ರೂ ಹಾಕ್ಲಿ," ಎಂದರು ಅಕ್ಕಯಮ್ಮ. "ಒಬ್ಬಳನ್ನ ನೀರಿಗೆ ಕೊಟ್ಟಿದ್ದೀನಿ ನಾನು. ಭಿನ್ನ ಆದ ದೇವರನ್ನ ಇಟ್ಕೊಂಡು ಇನ್ನೊಂದು ರಾತ್ರಿ ನಿನ್ನ ಈ ನೀರಿನ ಮೇಲೆ ಬಿಡಲ್ಲ. ಹೊತ್ತು ಮುಳುಗೋದ್ರೊಳಗೆ ಅವಳು ಗಂಗೆಗೆ ಹೋಗ್ಬೇಕು."

ಶಿವಶಂಕರ್ ಮೌನಿಕಾಳ ಕಡೆ ನೋಡಿದ ನೋಟದಲ್ಲಿ ಬೈಗುಳವೆಲ್ಲ ಇತ್ತು. ಬಾಗಿಲು ತೆರೆದು, ಹಡಗು ತಿರುಗಿಸಲು ಹೇಳುವುದಕ್ಕೆ ಮೇಲೆ ಹೋದ.

ಹಡಗು ಮುರುಡೇಶ್ವರದ ಕಡೆ ತಿರುಗಿ ದಡಕ್ಕೆ ಹತ್ತಿರವಾದಾಗ ಫೋನಿಗೆ ಸಿಗ್ನಲ್ಲು ಸಿಕ್ಕಿತು. ಅಕ್ಕಯಮ್ಮ ಶ್ರೀನಿವಾಸಪುರದ ತಮ್ಮ ಪುರೋಹಿತರಿಗೆ ಫೋನು ಹಚ್ಚಿದರು. ದೇವಿಯ ಕಳೆಯನ್ನು, ಅಂದರೆ ಅವಳ ಶಕ್ತಿಯನ್ನು, ಕಲಶದ ನೀರಿಗೆ ಇಳಿಸಿಕೊಂಡು, ಕಲ್ಲನ್ನು ಆಳದ ನೀರಿಗೆ ಬಿಡಬೇಕೆಂದು ಅವರು ಹೇಳಿದರು. ಅವರು ಸ್ಪೀಕರಿನಲ್ಲಿ ಮಂತ್ರ ಹೇಳುತ್ತಾ ಹೋದರು. ನಡುನಡುವೆ ದನಿ ಕಡಿದು ಹೋಗುತ್ತಿತ್ತು. ಆಗೆಲ್ಲ ಅಕ್ಕಯಮ್ಮ ಕೈ ಜೋಡಿಸಿಕೊಂಡೇ ಕಾಯುತ್ತಿದ್ದರು. ಸುಬ್ಬರಾಯಪ್ಪ ಮೂಲೆಯಲ್ಲಿ ನಿಂತಿದ್ದರು, ಶಾಲು ಮಡಿಸಿ ಕುರ್ಚಿಯ ಮೇಲಿಟ್ಟು.

"ಹೇಳ್ಬಿಟ್ಯಾ?" ಎಂದು ಕೇಳಿದ್ದರು ಮಗಳನ್ನು.

"ಹೇಳ್ದೆ."

"ಹೂಂ," ಎಂದಿದ್ದರು.

ಹಡಗು ಮತ್ತೆ ಆಳಕ್ಕೆ ಹೋಗಿ ಎಂಜಿನ್ನು ನಿಲ್ಲಿಸಿತು. ಎರಡು ದಿನದಲ್ಲಿ ಮೊದಲ ಸಲ ಆ ಗುರುಗುರು ನಿಂತಾಗ ಎಲ್ಲರ ಉಸಿರೂ ಕೇಳಿಸಿತು. ನಾಲ್ವರು ಖಲಾಸಿಗಳು ಹಗ್ಗ ಬಿಗಿದರು. ಹಗ್ಗ ಮುಖಕ್ಕೆ ತಾಗಬಾರದೆಂದು ಸುಬ್ಬರಾಯಪ್ಪ ತಮ್ಮ ಟವೆಲನ್ನು ದೇವಿಯ ಕೆನ್ನೆಗೆ ಸುತ್ತಿ, ಗಂಟು ಎಲ್ಲಿ ಹಾಕಬೇಕೆಂದು ತೋರಿಸಿದರು. ಆಮೇಲೆ ಅಭಯಹಸ್ತದ ಹೂವು ಬಿಡಿಸಿ, ಉಗುರನ್ನು ಕಿರುಬೆರಳ ಮೇಲೆ ನಿಧಾನವಾಗಿ ಓಡಿಸಿದರು. ಒಂದು ಸಲ, ಇನ್ನೊಂದು ಸಲ.

"ಈಗ್ಲೂ ಸಿಗ್ತಾ ಇಲ್ಲ ನಂಗೆ," ಎಂದರು ಮಗಳಿಗೆ ಮಾತ್ರ ಕೇಳುವಂತೆ.

ಕಂಬಿಯಾಚೆ ಇಳಿಸುವಾಗ ಹಗ್ಗದ ತುದಿ ಮೌನಿಕಾಳ ಕೈಯಲ್ಲಿತ್ತು. ಬಿಡಬೇಕಾದವಳು ಅವಳೇ ಎಂದು ಅಕ್ಕಯಮ್ಮ ಹೇಳಿದ್ದರು. ಮೂರು ತಿಂಗಳು ದಿನವೂ ನೋಡಿದ ಮುಖ ಒಮ್ಮೆ ಸಂಜೆಯ ಬಿಸಿಲಿಗೆ ಹೊಳೆದು ನೀರಿಗೆ ಮುಟ್ಟಿತು. ಅವಳು ಕೈ ಬಿಟ್ಟಳು. ಹಸಿರು ನೀರಿನಲ್ಲಿ ಎತ್ತಿದ ಕೈಯೊಂದು ಸ್ವಲ್ಪ ಹೊತ್ತು ಕಂಡು, ಆಮೇಲೆ ಕಾಣಲಿಲ್ಲ. ವಿಡಿಯೋ ಮಾಡುವವರೂ ಫೋನು ಇಳಿಸಿಕೊಂಡಿದ್ದರು.

ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹಡಗು ಇನ್ನೂ ಒಂದು ಇಡೀ ಹಗಲು ಹೋಗಬೇಕಿತ್ತು. ಅಪ್ಪ ಹೆದರಿದ್ದೆಲ್ಲ ಅಪ್ಪ ಹೇಳಿದ ಹಾಗೆಯೇ ಆಯಿತು. ತಿಂಡಿಗೆ ಹೋದರೆ ಖಾಲಿ ಗೂಡು. ಅವರು ಕೂತ ಮೇಜಿಗೆ ಯಾರೂ ಬರಲಿಲ್ಲ. ಶಿವಶಂಕರ್ ಎಲ್ಲರನ್ನೂ ಮಾತಾಡಿಸುತ್ತಾ ಬಂದವನು ಇವರ ಮೇಜು ಬಂದಾಗ ಫೋನು ಕಿವಿಗಿಟ್ಟುಕೊಂಡ. ಗೋಕರ್ಣದ ಗುಡ್ಡಗಳು ಒಂದೊಂದಾಗಿ ಹಿಂದಕ್ಕೆ ಸರಿದವು. ಕೋಣೆಯಲ್ಲಿ ತಂದೆ ಮಗಳು ಎದುರುಬದುರಾಗಿ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಿದ್ದರು. ಬೇರೆ ಜಾಗವಿರಲಿಲ್ಲ.

ಮಧ್ಯಾಹ್ನ ಸುಬ್ಬರಾಯಪ್ಪ ತಾವಾಗಿಯೇ ಬಾಯಿ ತೆರೆದರು. "ಮುರಿದಾಗ ಏನ್ ಮಾಡ್ತಿದ್ದೆ? ಎಷ್ಟನೇ ನಂಬರಿನ ಉಳಿ ಹಿಡಿದಿದ್ದೆ?"

ಮೌನಿಕಾ ಹೇಳಿದಳು. ಅವರು ಅವಳ ಕೈ ಹಿಡಿದು, ಅಂಗೈಯನ್ನು ಅಭಯದಂತೆ ಎತ್ತಿ, ಕಿರುಬೆರಳಿನ ಹಿಂದೆ ಕಲ್ಲು ಎಷ್ಟು ಉಳಿಸಿಕೊಳ್ಳಬೇಕು, ಎಲ್ಲಿಂದ ಒಳಗೆ ಹೋಗಬೇಕು ಎಂದು ತೋರಿಸಿದರು. ಹೇಳುತ್ತಾ ಹೇಳುತ್ತಾ ಒಂದು ಗಂಟೆಯಾಯಿತು. ಬೇರೆ ಯಾವುದರ ಬಗ್ಗೆಯೂ ಅವರು ಮಾತಾಡಲಿಲ್ಲ.

ಕಾರವಾರದಲ್ಲಿ ಇಳಿಯುವಾಗ ಅಕ್ಕಯಮ್ಮ ಮೇಲೆ ಬರಲಿಲ್ಲ.

ಮಳೆಗಾಲ ಕಳೆದ ಮೇಲೆ, ಒಂದು ಸೋಮವಾರ, ಶಿವಾರಪಟ್ಟಣದ ಅವರ ಕೊಟ್ಟಿಗೆಯ ಮುಂದೆ ಒಂದು ಕಾರು ನಿಂತಿತು. ಅಕ್ಕಯಮ್ಮ ಇಳಿದರು. ಡ್ರೈವರು ಒಂದು ಮಡಚುವ ಕುರ್ಚಿ, ನೀರಿನ ಬಾಟಲಿ, ಊಟದ ಡಬ್ಬಿ ಇಳಿಸಿದ. ಬರುತ್ತೇನೆಂದು ಮುದುಕಿ ಮುಂಚೆ ತಿಳಿಸಿರಲಿಲ್ಲ. ಹೊಸ ಗಂಗಮ್ಮನ ಕಲ್ಲಿಗೆ ಮೌನಿಕಾ ಎರಡು ತಿಂಗಳಿಂದ ಕೂತಿದ್ದಳು. ಯಾರೂ ಹೇಳಿ ಮಾಡಿಸಿದ್ದಲ್ಲ ಅದು. ಮುಖ ಮುಗಿದಿತ್ತು, ಕೈ ಉಳಿದಿತ್ತು.

"ಕಡೀತಾ ಇದ್ದೀಯ ಅಂತ ನಿಮ್ಮಪ್ಪ ಫೋನ್ ಮಾಡಿದ್ದ," ಎಂದರು ಅಕ್ಕಯಮ್ಮ. ಅಪ್ಪ ಫೋನು ಮಾಡಿದ್ದು ಮೌನಿಕಾಗೆ ಗೊತ್ತಿರಲಿಲ್ಲ. "ಬೆರಳು ಮಾಡೋವಾಗ ನಾನು ನೋಡ್ಬೇಕು. ಒಂದೊಂದೂ ನೋಡ್ಬೇಕು. ನೀನು ಹೇಳಿದ್ದನ್ನ ನಾನಿನ್ನು ನಂಬಲ್ಲ."

"ಸರಿ ಅವ್ವಾ."

ಅಂದಿನಿಂದ ಮುದುಕಿ ದಿನವೂ ಶ್ರೀನಿವಾಸಪುರದಿಂದ ಬಂದರು. ಕಲ್ಲಿನ ಧೂಳಿಗೆ ಸೆರಗನ್ನು ಮೂಗಿಗೆ ಹಿಡಿದು, ಎರಡು ಮಾರು ದೂರದಲ್ಲಿ ಕೂತು, ಉಳಿಯ ತುದಿಯಿಂದ ಕಣ್ಣು ಕೀಳುತ್ತಿರಲಿಲ್ಲ. ಮೌನಿಕಾಗೆ ಏಳಲೂ ಸಂಕೋಚ, ಬೆವರು ಒರೆಸಿಕೊಳ್ಳಲೂ ಸಂಕೋಚ. ಹೆಬ್ಬೆರಳಾಯಿತು, ತೋರುಬೆರಳಾಯಿತು. ಒಂದೊಂದು ಮುಗಿದಾಗಲೂ ಅಕ್ಕಯಮ್ಮ ಎದ್ದು ಬಂದು ಎಣ್ಣೆ ಅದ್ದಿದ ಬಟ್ಟೆಯಿಂದ ತಾವೇ ಒರೆಸಿ, ಬೆಳಕಿಗೆ ಬಾಗಿ ನೋಡಿ, ಮತ್ತೆ ಹೋಗಿ ಕೂರುತ್ತಿದ್ದರು.

ಆರನೆಯ ದಿನ ಮಧ್ಯಾಹ್ನ ಕಿರುಬೆರಳಿನ ಸರದಿ ಬಂತು. ಮೌನಿಕಾ ಸಣ್ಣ ಉಳಿ ತೆಗೆದುಕೊಂಡು, ಗೆಣ್ಣಿನ ಜಾಗಕ್ಕೆ ಹಿಡಿದು, ಒಮ್ಮೆ ತಲೆ ಎತ್ತಿದಳು. ಅಕ್ಕಯಮ್ಮ ಕುರ್ಚಿಯಲ್ಲೇ ಕತ್ತು ವಾಲಿಸಿ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ರಸ್ತೆಯಾಚೆಯ ಕೊಟ್ಟಿಗೆಯಲ್ಲಿ ಯಾರೋ ಕಲ್ಲು ಕೊಯ್ಯುತ್ತಿದ್ದರು.

ಮೌನಿಕಾ ಉಳಿಯನ್ನು ಕೆಳಗಿಟ್ಟಳು. ಕೈ ಮಡಿಲಲ್ಲಿಟ್ಟುಕೊಂಡು, ಮುದುಕಿ ಏಳುವುದನ್ನು ಕಾಯುತ್ತಾ ಕೂತಳು.